ಝಡತಿ ಆಗದವಳು

ನೀವು ದುಡಿಯುವ ಜಾಗದಲ್ಲಿ, ನೀರಿನ ಹರವಿಯಿಂದ ದೂರ, ಕಿಟಕಿಯ ಹೊರಗೆ ಒಂದು ಲೋಟ ಬೇರೆಯಾಗಿ ಕೂತಿದೆಯಲ್ಲ, ಅದು ಅಲ್ಲಿ ಏಕಿದೆ ಎಂದು ನೀವು ಒಮ್ಮೆಯಾದರೂ ಕೇಳಿದ್ದೀರಾ?

ನಿಪ್ಪಾಣಿಯ ಆ ತಂಬಾಕಿನ ವಖಾರಿಯಲ್ಲಿ ಯಾರೂ ಕೇಳಿರಲಿಲ್ಲ. ಅಂಚು ನಗ್ಗಿದ ಆ ಜರ್ಮನ್ ಸಿಲ್ವರ್ ಲೋಟ ಸಾವಿತ್ರೆವ್ವನದು. ಸಾವಿತ್ರೆವ್ವ ಊರಾಚೆಯ ಕೇರಿಯವಳು. ಬಾಯಾರಿದರೆ ಅವಳು ಕಿಟಕಿಯ ಕೆಳಗೆ ಲೋಟ ಹಿಡಿದು ನಿಲ್ಲಬೇಕು. ಒಳಗಿನಿಂದ ಯಾರಾದರೂ ಎತ್ತರದಿಂದ ನೀರು ಹೊಯ್ಯಬೇಕು. ಹೊಯ್ಯುವವರು ಮರೆತರೆ ನೀರಿಲ್ಲ.

ಎಂಬತ್ತೇಳರ ಬೇಸಿಗೆಯಲ್ಲಿ ಆ ವಖಾರಿಯಿಂದ ಜರ್ದಾ ಕಳುವಾಗತೊಡಗಿತು.

ಹೆಣ್ಣಾಳುಗಳ ಮೇಲಿನ ಮುಕಾದಮಳು ಸೀತವ್ವ. ಬೆಳಗ್ಗೆ ಬೀಗ ತೆಗೆಯುವವಳೂ ಅವಳೇ, ಸಂಜೆ ಎಲ್ಲರೂ ಹೋದ ಮೇಲೆ ಹಾಕುವವಳೂ ಅವಳೇ. ಹೊರಹೋಗುವ ಪ್ರತಿಯೊಬ್ಬಳ ಸೆರಗು ಜಾಡಿಸಿ, ಸೊಂಟ ತಡವಿ, ಕುಪ್ಪಸ ಮುಟ್ಟಿ ನೋಡುವುದು ವಖಾರಿಯ ಪದ್ಧತಿ. ಅದಕ್ಕೆ ಝಡತಿ ಎನ್ನುತ್ತಿದ್ದರು. ಮಾಲೀಕ ತಾತ್ಯಾಸಾಹೇಬರು ಅವಳನ್ನು ಕರೆಸಿದರು.

"ನಿನ್ನ ಕೈ ದಾಟಿ ಹೋಗೇತಿ ಮಾಲು, ಸೀತವ್ವಾ. ಕಳ್ಳಿ ಸಿಗಲಿಲ್ಲಂದ್ರ ನೀನೂ ಇಲ್ಲಿ ಇರೂದಿಲ್ಲ."

ಸೀತವ್ವನಿಗೆ ಮನೆ ನೆನಪಾಯಿತು. ಮನೆಯಲ್ಲಿ ಸೊಸೆ ಸುಂದರಾ, ಹಸುಗೂಸು ಮೊಮ್ಮಗ. ಬಾಣಂತಿ ಜ್ವರದಲ್ಲಿ ಸೊಸೆಯ ಹಾಲು ಬತ್ತಿತ್ತು. ಡಬ್ಬಿಯ ಹಾಲು ದಕ್ಕದೆ ಕೂಸು ಕಡ್ಡಿಯಾಗಿತ್ತು. ಯಡೂರಿನ ವೀರಭದ್ರನಿಗೆ ಹರಕೆ ಹೊತ್ತ ಮೇಲೆ ಅದೇ ಹಾಲು ಮೈಗೆ ಹಿಡಿದು, ಈಗ ಕೆನ್ನೆಗಳು ತುಂಬಿದ್ದವು. ಎತ್ತಿಕೊಂಡರೆ ಕೂಸಿನ ನೆತ್ತಿಯಲ್ಲಿ ತಂಬಾಕಿನ ಘಾಟು. "ನನ್ನ ಸೀರಿ ವಾಸನಿ ನಿನಗೂ ಹತ್ತೇತಿ ನೋಡಲೇ, ಮುಕಾದಮಾ," ಎಂದು ಅವಳು ಮುದ್ದಿಸುತ್ತಿದ್ದಳು. ಈ ಕೆಲಸ ಹೋದರೆ ಹಾಲಿನ ಡಬ್ಬಿ ಎಲ್ಲಿಂದ ಬರಬೇಕು?

ಅವಳು ಲೆಕ್ಕ ಹಾಕಿದಳು. ಎಲ್ಲರ ಝಡತಿಯೂ ಆಗುತ್ತಿತ್ತು, ಒಬ್ಬಳದನ್ನು ಬಿಟ್ಟು. ಸಾವಿತ್ರೆವ್ವನನ್ನು ಮುಟ್ಟಿದರೆ ಮೈ ತೊಳೆಯಬೇಕಲ್ಲ ಎಂದು ಅವಳನ್ನು ಮಾತ್ರ ದೂರದಿಂದಲೇ "ಹ್ಞೂಂ, ಹೋಗ" ಎಂದು ಕಳಿಸುತ್ತಿದ್ದಳು.

"ಆಕೀನ ರೀ," ಎಂದ ಬಾಗಿಲು ಕಾಯುವ ಗಂಗಾರಾಮ. "ಊಟದ ಹೊತ್ತಿಗೆ ಆಕಿ ಬುತ್ತಿ ಬಿಚ್ಚೂದಿಲ್ಲ. ಬಾವಿ ಕಟ್ಟಿ ಮ್ಯಾಲ ಮಣ್ಣ ಹಚ್ಚಿ ಮೊಣಕೈ ತನಕಾ ತಿಕ್ಕಿ ತೊಳೀತಾಳ. ಆಮ್ಯಾಲ ಎದಿಗೆ ಸೆರಗ ಬಿಗದು ಹಿಂದಿನ ಓಣಿಗೆ ಸರಾಸರಾ ಹೋಗ್ತಾಳ. ಬರೂವಾಗ ಹಗುರಾಗಿ ಬರತಾಳ."

"ಜರ್ದಾದ ವಾಸನಿ ಹೋಗ್ಲೆಂತ ತಿಕ್ಕತಾಳ, ಮತ್ತೇನು?" ಜರಡಿ ಹಿಡಿದಿದ್ದ ತಾರವ್ವ ನಕ್ಕಳು. "ಹಡದ ಕೂಸ ಸತ್ತು ವಾರ ಆಗಿದ್ದಿಲ್ಲ, ಕೆಲಸಕ್ಕ ಬಂದು ಕುಂತ್ಳು. ಎದಿ ಅಲ್ಲವ್ವಾ ಅದು, ಕಲ್ಲ."

ಹಿಂದಿನ ಓಣಿಯ ಬಾಯಿಗೇ ಬಿಡಿ ಜರ್ದಾ ಮಾರುವವನ ಅಂಗಡಿ. ಹೆಚ್ಚು ಹೇಳಬೇಕಾಗಿರಲಿಲ್ಲ. ಅದೇ ಓಣಿಯಲ್ಲಿ ಮನೆ ಮಾಡಿದ್ದ ಸೀತವ್ವನಿಗಂತೂ ಹೇಳಬೇಕಾಗಿರಲೇ ಇಲ್ಲ.

ಮರುದಿನ ಮಧ್ಯಾಹ್ನ ಅವಳು ಬಾಗಿಲಿಗೆ ಅಡ್ಡ ನಿಂತಳು. ಹೆಂಗಸರೆಲ್ಲ ಕೈಲಿದ್ದದ್ದನ್ನು ಬಿಟ್ಟು ಸುತ್ತ ನೆರೆದರು.

"ಏನ ಒಯ್ಯಾಕತ್ತಿ?"

ಸಾವಿತ್ರೆವ್ವ ಎರಡೂ ತೋಳು ಎದೆಗೆ ಅವಚಿಕೊಂಡಳು. "ನಂದ ನಾ ಒಯ್ಯಾಕತ್ತೇನ್ರಿ, ಅವ್ವಾ. ವಖಾರೀದು ಒಂದ ಎಳಿ ಇಲ್ಲ."

"ಯಾರಿಗೆ ಕೊಡತಿ?"

ಸಾವಿತ್ರೆವ್ವ ಸೀತವ್ವನ ಮುಖ ನೋಡಿದಳು. "ಹೇಳಂಗಿಲ್ರಿ. ಆಣಿ ಐತಿ. ಬೇಕಾದ್ರ ಝಡತಿ ಮಾಡ್ರಿ." ತೋಳು ಸಡಿಲಿಸಿದಳು. "ಮುಟ್ಟಿ ನೋಡ್ರಿ."

ಸೀತವ್ವನ ಕೈ ಅರ್ಧಕ್ಕೆ ಎದ್ದಿತು. ಅಷ್ಟರಲ್ಲಿ ತಾರವ್ವ ಕಿಸಕ್ಕೆಂದಳು. ಕೈ ಹಿಂದೆ ಸರಿಯಿತು. ಒಂದು ಗೇಣು ಮುಂದೆ ಹೋಗಿದ್ದರೆ ಈ ಕಥೆಯನ್ನು ಯಾರೂ ಬರೆಯಬೇಕಾಗಿರಲಿಲ್ಲ.

"ನಿನ್ನ ಮುಟ್ಟಿ ನಾ ಮೈಲಿಗಿ ಆಗ್ಲೇನು? ನಡೀ! ನಾಳಿಂದ ಇತ್ತಾಗ ಬರಬ್ಯಾಡ. ನಮ್ಮ ಓಣಿಯೊಳಗ ಕಾಲಿಟ್ಟಿ ಅಂದ್ರ ಕಾಲ ಮುರಸ್ತೇನಿ."

"ಇವತ್ತೊಂದಿನ ಹೋಗಾಕ ಬಿಡ್ರಿ, ಅವ್ವಾ. ಹೊತ್ತಾಗೇತಿ."

ಗಂಗಾರಾಮ ಕೋಲು ಅಡ್ಡ ಹಿಡಿದು ಅವಳನ್ನು ದೊಡ್ಡ ರಸ್ತೆಯತ್ತ ನೂಕಿದ. ಕಿಟಕಿಯ ಹೊರಗಿನ ಲೋಟವನ್ನು ತಾರವ್ವ ಕಾಲಿನಿಂದಲೇ ಗಟಾರಕ್ಕೆ ಉರುಳಿಸಿದಳು. ತಾತ್ಯಾಸಾಹೇಬರು ಸೀತವ್ವನ ಜಾಣತನ ಮೆಚ್ಚಿದರು.

ಮರುದಿನ ಗಂಗಾರಾಮ ಸುದ್ದಿ ತಂದ. "ಆಕಿ ಗಂಟ ಕಟಗೊಂಡು ಕೊಗನೊಳ್ಳಿ ನಾಕಾ ದಾಟಿ ಗಡಿ ಆಚೆ ಹೋದಳಂತ್ರಿ. ಎಲ್ಲಿಗಂತ ಆ ಕೇರ್ಯಾಗೂ ಯಾರಿಗೂ ಗೊತ್ತಿಲ್ಲ."

"ಪೀಡಾ ಹೋತು," ಎಂದಳು ಸೀತವ್ವ.

ಅಂದು ಸಂಜೆಯೂ ಜರ್ದಾ ತೂಕಕ್ಕೆ ಕಡಿಮೆ ಬಂತು. ಸೀತವ್ವ ಬೀಗ ಹಾಕಿ, ಅದನ್ನು ಎರಡು ಸಲ ಜಗ್ಗಿ ನೋಡಿ, ಮನೆಗೆ ನಡೆದಳು.

ಮನೆಯಲ್ಲಿ ಕೂಸು ಹಿಂದಿನ ದಿನದಿಂದ ಕುಡಿದದ್ದನ್ನೆಲ್ಲ ಕಾರುತ್ತಿತ್ತು. ಈಗ ಅಳುವ ದನಿಯೂ ಉಳಿದಿರಲಿಲ್ಲ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ತೊಟ್ಟಿಲ ಬಳಿ ಸುಂದರಾ ಮುಖ ಮುಚ್ಚಿಕೊಂಡು ಕುಳಿತಿದ್ದಳು.

"ಎರಡ ತಿಂಗಳ ಇದ ಹಾಲ ಕುಡದು ಬೆಳದೈತಿ," ಸೀತವ್ವ ಗದರಿದಳು. "ಈಗೇನಾತು? ಯಾರ ಕಣ್ಣ ಬಿತ್ತು?"

ಸೊಸೆ ತಲೆ ಎತ್ತಲಿಲ್ಲ. "ಡಬ್ಬಿ ಹಾಲ ಇದಕ್ಕ ಎಂದೂ ದಕ್ಕಿದ್ದಿಲ್ರಿ, ಅತ್ತಿ. ಮುಂಜಾನೆ ನೀವು ಬೀಗ ತಗ್ಯಾಕ ಹೋದ ಮ್ಯಾಲ, ಮಧ್ಯಾಹ್ನ ಊಟದ ಹೊತ್ತಿಗೆ, ಸಂಜೀಕ ನೀವು ಬೀಗ ಹಾಕಿ ಬರೂದ್ರಾಗ ಸಾವಿತ್ರೆವ್ವ ಬಂದು ಎದಿ ಕೊಟ್ಟ ಹೋಗ್ತಿದ್ಲು. ನಿಮಗ ಹೇಳಬ್ಯಾಡಂತ ನಾನ ಆಣಿ ಹಾಕಿಸಿದ್ದೆ."

ಓದುಗರೇ, ನಾಳೆ ಕೆಲಸಕ್ಕೆ ಹೋದೊಡನೆ ಕಿಟಕಿಯ ಹೊರಗಿರುವ ಆ ಲೋಟವನ್ನು ಒಳಗೆ ತನ್ನಿ.