ಕಾಶಿಗೆ ಹೊರಟ ಅಳಿಯ

ಕಾಶಿಗೆ ಹೊರಟ ಅಳಿಯ ಬೀದಿಯ ತಿರುವಿನಲ್ಲಿ ಕಣ್ಮರೆಯಾಗಿ ಕಾಲು ಗಂಟೆಯಾಗಿತ್ತು. ಅವನನ್ನು ತಡೆಯಬೇಕಾದ ಮಾವ ಮಾತ್ರ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಬೀಗಿತ್ತಿಯ ಕನ್ನಡಕದ ಸಡಿಲ ತಿರುಪನ್ನು ಬಿಗಿ ಮಾಡುತ್ತ ಕೂತೇ ಇದ್ದರು. ಕನ್ನಡಕದ ಅಂಗಡಿ ಇಟ್ಟವರು, ನಿಜ. ಆದರೆ ಸಾಸಿವೆ ಕಾಳಿನಷ್ಟು ತಿರುಪಿಗೆ ಇಷ್ಟು ಹೊತ್ತು ಹಿಡಿಯುವುದಿಲ್ಲ ಅನ್ನುವುದು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಗೊತ್ತಿಲ್ಲವೇ?

ಇದು ಬರೀ ತಾಲೀಮು. ಮದುವೆ ನಾಳೆಯಿಂದ, ಮೂರು ದಿನ. ಹುಡುಗ ದೂರದೇಶದವನು, ನಮ್ಮ ಶಾಸ್ತ್ರ ಒಂದೂ ತಿಳಿಯದು, ಎಲ್ಲೂ ಎಡವಟ್ಟಾಗಬಾರದು ಎಂದು ಪುರೋಹಿತರೇ ಬೆಳಿಗ್ಗೆ ಬಂದು ಪಂಚೆ ಉಡಿಸಿ, ಕೈಗೆ ಛತ್ರಿ, ಕೋಲು ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದ್ದರು: “ನಿನಗೆ ಸಂಸಾರ ಬೇಡ ಅನ್ನಿಸಿದೆ, ಕಾಶಿಗೆ ಹೊರಟಿದೀಯ. ಮಾವ ಬಂದು ‘ನನ್ನ ಮಗಳನ್ನ ಕೊಡ್ತೀನಿ, ವಾಪಸ್ ಬಾ’ ಅನ್ನೋವರೆಗೂ ತಿರುಗಬಾರದು.” ಅಷ್ಟು ಹೇಳಿ, ಇನ್ನೊಂದು ಮನೆಯ ಪೂಜೆಗೆ ಹೊತ್ತಾಯಿತೆಂದು ಹೊರಟುಹೋಗಿದ್ದರು. ನಮ್ಮ ಹುಡುಗರಾಗಿದ್ದರೆ ನಾಲ್ಕು ಹೆಜ್ಜೆ ಇಟ್ಟು, ಯಾರೂ ಬರದಿದ್ದರೆ ಹಲ್ಲು ಕಿರಿಯುತ್ತ ತಾವೇ ಒಳಗೆ ಬರುತ್ತಿದ್ದರು. ಈ ಹುಡುಗ ಗೇಟು ದಾಟಿದ, ಔಷಧಿ ಅಂಗಡಿ ದಾಟಿದ, ತಿರುವನ್ನೂ ದಾಟಿ ನಡೆದೇಬಿಟ್ಟ.

“ಅಮ್ಮಾ, ಅವನ ಫೋನು ಪ್ಯಾಂಟಿನ ಜೇಬಲ್ಲಿದೆ, ಪ್ಯಾಂಟು ಇಲ್ಲೇ ಇದೆ,” ಮಗಳು ಕಿಟಕಿ ಬಿಟ್ಟು ಕದಲಿರಲಿಲ್ಲ. “ನಾನೇ ಹೋಗಿ ಕರ್ಕೊಂಡು ಬರ್ತೀನಿ.”

“ಮದುಮಗಳು ಹೋಗೋ ಹಾಗಿಲ್ಲ ಕಣೇ. ಹೋಗಬೇಕಾದವರು ಇಲ್ಲೇ ಬೇರು ಬಿಟ್ಟು ಕೂತಿದಾರಲ್ಲ!”

ತಾಯಿಯ ಕಣ್ಣು ಮತ್ತೆ ಮತ್ತೆ ಆ ಕುರ್ಚಿಯ ಕಡೆಗೇ ಹೋಗುತ್ತಿತ್ತು. ಎಂಟು ತಿಂಗಳಿಂದ ಗಂಡ ಈ ಮದುವೆ ಬೇಡವೆಂದು ಅಂದಿರಲಿಲ್ಲ; ಆಗಲಿ ಎಂದೂ ಅಂದಿರಲಿಲ್ಲ. ಛತ್ರ ಗೊತ್ತು ಮಾಡಿದಾಗ “ಹೂಂ”. ಕರೆಯೋಲೆ ತೋರಿಸಿದಾಗ “ಹೂಂ”. ಮದುವೆಯಾದ ಹತ್ತನೇ ದಿನಕ್ಕೆ ಮಗಳಿಗೂ ವಿಮಾನದ ಟಿಕೆಟ್ಟು ಆಯಿತೆಂದಾಗ ಅದೂ ಇಲ್ಲ, ಅಂಗಡಿ ಬಾಗಿಲು ತೆಗೆಯಬೇಕೆಂದು ಎದ್ದುಹೋಗಿದ್ದರು. ಮೌನವೇ ಒಪ್ಪಿಗೆ ಎಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆದರೆ ಶಾಸ್ತ್ರಕ್ಕೆ ಮೌನ ಸಾಲದು. ನಾಳೆ ಇನ್ನೂರು ಜನರೆದುರು ‘ಕೊಡ್ತೀನಿ’ ಎಂದು ಬಾಯಿಬಿಟ್ಟು ಹೇಳಬೇಕು. ನಾಡಿದ್ದು ಧಾರೆ ಎರೆದು ಕೊಡಬೇಕು. ಮೂರನೆಯ ದಿನ ಹುಡುಗನ ಕಡೆಯವರ ಪದ್ಧತಿ. ಅಲ್ಲೂ ಅಪ್ಪನೇ ಕೈಹಿಡಿದು ನಡೆಸಿಕೊಂಡು ಬಂದು ಕೊಡಬೇಕಂತೆ. ಯಾವ ಸೀಮೆಗೆ ಹೋದರೂ ಹೆಣ್ಣು ಹೆತ್ತವನ ಪಾಡು ಅಷ್ಟೇ. ನಾಳೆಯೂ ಈ ಮನುಷ್ಯ ಹೀಗೇ ಕೂತುಬಿಟ್ಟರೆ ಏನು ಗತಿ?

ಬೀಗಿತ್ತಿ ಫೋನು ಎತ್ತಿ ಹಿಡಿದು, ನಗುನಗುತ್ತ ಗೇಟಿನ ಕಡೆ ವಿಡಿಯೋ ಮಾಡುತ್ತಲೇ ಇದ್ದರು. ಕನ್ನಡಕವಿಲ್ಲದ ಕಣ್ಣಿಗೆ ಮಗ ಅಲ್ಲೇ ಎಲ್ಲೋ ನಿಂತಿದ್ದಾನೆಂಬ ನಂಬಿಕೆ. ಮದುಮಗಳನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದರು.

“ಈ ಶಾಸ್ತ್ರ ಎಷ್ಟು ಹೊತ್ತು ನಡಿಯತ್ತೆ ಅಂತ ಕೇಳ್ತಿದಾರೆ ಅಮ್ಮ.”

“ಇನ್ನೇನು ಮುಗೀತು ಅನ್ನು,” ಎಂದು ಮುಖದಲ್ಲಿ ನಗು ತಂದುಕೊಂಡ ತಾಯಿ, ಗಂಡನ ಕಿವಿಯ ಹತ್ತಿರ ಬಗ್ಗಿದಳು. ಅಲ್ಲಿ ನಗು ಇರಲಿಲ್ಲ. “ಏನ್ರೀ, ಏಳ್ತೀರೋ ಇಲ್ವೋ? ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳಿಬಿಡಿ. ನಾಳೆ ನಾಲ್ಕು ಜನರ ಮುಂದೆ ಆ ಹುಡುಗನ ಮರ್ಯಾದೆ ತೆಗೀಬೇಡಿ.”

“ಹುಡುಗ ಒಳ್ಳೆಯವನು,” ಎಂದರು ಅವರು, ತಿರುಪಿನ ಮೇಲಿಂದ ಕಣ್ಣೆತ್ತದೆ.

“ಮತ್ತೆ ಇನ್ನೇನು ನಿಮ್ಮ ಕಷ್ಟ?”

ಅವರು ಕನ್ನಡಕವನ್ನು ಒರೆಸಿ ಬೀಗಿತ್ತಿಯ ಕೈಗಿತ್ತು, ಚಪ್ಪಲಿ ಮೆಟ್ಟಿ ಹೊರಟರು. ಮನೆಯಲ್ಲಿ ನಿಂತಿರಲಾರದೆ ಆಕೆಯೂ ಹತ್ತು ಹೆಜ್ಜೆ ಹಿಂದೆ ನಡೆದಳು. ತಿರುವಿನಲ್ಲಿ ಯಾರೂ ಇರಲಿಲ್ಲ. ಮುಂದಿನ ಬೀದಿಯಲ್ಲೂ ಇಲ್ಲ. ಹೊಲಿಗೆ ಅಂಗಡಿಯವನು ಅವರ ಗಾಬರಿ ನೋಡಿ ತಾನಾಗಿಯೇ ಕೈ ತೋರಿಸಿದ. “ಛತ್ರಿಯವರಾ? ಸಿಗ್ನಲ್ ಹತ್ತಿರ ನಿಂತಿದಾರೆ. ದೀಪ ಹಸಿರಾದ್ರೂ ದಾಟ್ತಾ ಇಲ್ಲ.”

ನಿಂತಿದ್ದ. ಮೋಡವಿಲ್ಲದ ಆಕಾಶದ ಕೆಳಗೆ ಛತ್ರಿ ಬಿಚ್ಚಿಕೊಂಡು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಜಾರುವ ಪಂಚೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಬೆನ್ನು ಹಾಕಿ ನಿಂತಿದ್ದ. ಹೋಗುವವರು ಬರುವವರು ಅವನನ್ನೇ ನೋಡುತ್ತಿದ್ದರು.

“ಬಾಪ್ಪಾ, ಸಾಕು,” ಎಂದರು ಮಾವ.

ಹುಡುಗ ತಿರುಗಲಿಲ್ಲ. “ಅದಲ್ಲ ಮಾವ,” ಎಂದ, ಹೊಸದಾಗಿ ಕಲಿತ ಕನ್ನಡದಲ್ಲಿ ಒಂದೊಂದೇ ಮಾತು ಹುಡುಕಿ. “ಬೇರೆ ಮಾತು ಇದೆ. ಅದು ಹೇಳಬೇಕು.”

ದೀಪ ಕೆಂಪಾಯಿತು, ಮತ್ತೆ ಹಸಿರಾಯಿತು. ಬಸ್ಸೊಂದು ನಿಂತು ಹೊರಟುಹೋಯಿತು.

“ನನ್ನ ಮಗಳನ್ನ ಕೊಡ್ತೀನಿ.” ಮಾವ ಹತ್ತಿರ ಬಂದರು. “ವಾಪಸ್ ಬಾ.”

ಹುಡುಗ ಮುಖವರಳಿಸಿ ತಿರುಗಿದ. ಹಿಂದೆ ನಿಂತಿದ್ದ ತಾಯಿಗೆ ಹೋದ ಜೀವ ಬಂದಂತಾಯಿತು. ಆದರೆ ಗಂಡ ಮನೆಯ ಕಡೆ ಹೆಜ್ಜೆ ಹಾಕಲಿಲ್ಲ. ಅಳಿಯನ ಮುಂಗೈಯನ್ನು, ರಸ್ತೆಗೆ ಓಡುವ ಮಗುವನ್ನು ಹಿಡಿದ ಹಾಗೆ, ಹಿಡಿದುಕೊಂಡೇ ನಿಂತಿದ್ದರು.

“ನೀನು ಹೋಗದೇ ಇರೋ ಹಾಗೆ ತಡೆಯೋಕೆ ನಮ್ಮ ಹಿರಿಯರು ಒಂದು ಶಾಸ್ತ್ರ ಮಾಡಿಟ್ಟಿದಾರೆ. ಹತ್ತು ದಿನ ಬಿಟ್ಟು ಅವಳು ಹೊರಡ್ತಾಳಲ್ಲ, ಆವತ್ತು ತಡೆಯೋಕೆ ಯಾವ ಶಾಸ್ತ್ರ ಇದೆಯಪ್ಪಾ?”