ನಾಲ್ಕು ಅಂದರೆ ಎರಡು

ಗುಂಡು ಮತ್ತೆ ಬಲಕ್ಕೇ ಹೋಯಿತು. ಮುನ್ನೂರು ಮೀಟರ್ ಆಚೆ, ಗುರಿಹಲಗೆಯ ಪಕ್ಕದ ಮಣ್ಣಿನ ದಿಬ್ಬದಲ್ಲಿ ಒಂದು ಹಿಡಿ ಧೂಳೆದ್ದು ಅಡಗಿತು. ಚಾಪೆಯ ಮೇಲೆ ಬೋರಲು ಮಲಗಿದ್ದ ಗದಿಗೆಪ್ಪನವರು ರೈಫಲ್ಲಿನಿಂದ ಕೆನ್ನೆ ತೆಗೆದು, ಪಕ್ಕದಲ್ಲಿ ದುರ್ಬೀನಿನ ಮುಂದೆ ಕೂತಿದ್ದ ದಿವ್ಯಾಳನ್ನು ದುರುಗುಟ್ಟಿ ನೋಡಿದರು.

"ನಿಂಗ ಗಾಳಿ ಓದಾಕ ಬರಂಗಿಲ್ಲ ತಂಗಿ."

"ಎಡದಿಂದ ಗಾಳಿ, ನಾಲ್ಕು ಅಂತ ಹೇಳಿದ್ನಲ್ಲ ಸಾರ್. ಈಗ್ಲೂ ನಾಲ್ಕೇ ಇದೆ," ಎಂದಳು ದಿವ್ಯಾ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಾರವಿಡೀ ದುಡಿದು, ಭಾನುವಾರದ ನಿದ್ದೆಯನ್ನೂ ಬಿಟ್ಟು ಈ ಸಿಡುಕು ಮನುಷ್ಯನ ಪಕ್ಕ ಕೂರಲು ಒಪ್ಪಿದ್ದೇ ಅವಳ ದೊಡ್ಡತನ.

ಅಷ್ಟು ದೂರದ ಗುರಿಗೆ ಒಬ್ಬರೇ ಹೊಡೆಯುವುದು ಈ ರೈಫಲ್ ಕ್ಲಬ್ಬಿನಲ್ಲಿ ಇಲ್ಲ. ಒಬ್ಬರು ದುರ್ಬೀನಿನಲ್ಲಿ ಹುಲ್ಲು ಬಾಗುವುದನ್ನು ನೋಡಿ ಗಾಳಿ ಇಷ್ಟು ಎನ್ನಬೇಕು. ಇನ್ನೊಬ್ಬರು ಸ್ಕೋಪಿನ ನಾಬನ್ನು ಅಷ್ಟೇ ಕ್ಲಿಕ್ ತಿರುಗಿಸಿ ಹೊಡೆಯಬೇಕು. ಸರ್ಜಾಪುರದಾಚೆಯ ಈ ಹಳೇ ಕಲ್ಲುಕ್ವಾರಿಯಲ್ಲಿ ಗದಿಗೆಪ್ಪನವರಿಗೆ ಗಾಳಿ ಹೇಳುತ್ತಿದ್ದವರು ಅವರ ಹೆಂಡತಿ ಲಕ್ಷ್ಮವ್ವ. ಪೀಣ್ಯದ ಕಾರ್ಖಾನೆಯಲ್ಲಿ ಕಂಡವರ ಅಳತೆಯನ್ನೆಲ್ಲ ಮರು ಅಳತೆ ಮಾಡುವ ಕೆಲಸದಿಂದ ಗಂಡ ನಿವೃತ್ತರಾದ ಮೇಲೆ ಇಬ್ಬರೂ ಒಟ್ಟಿಗೇ ಕಲಿತ ವಿದ್ಯೆ ಇದು. ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಲಕ್ಷ್ಮವ್ವ, "ಎದಿ ಸ್ವಲ್ಪ ಹಿಡದಂಗ ಆಗೇತ್ರಿ" ಅಂದರು. ಗದಿಗೆಪ್ಪನವರು ಗ್ಯಾಸ್ ಇರಬೇಕೆಂದು ಅಜವಾನದ ನೀರು ಕೊಟ್ಟು, ಪೇಪರ್ ಹಿಡಿದು ಕೂತರು. ಮಧ್ಯಾಹ್ನದ ಹೊತ್ತಿಗೆ ಲಕ್ಷ್ಮವ್ವ ಇರಲಿಲ್ಲ.

ಅಂದಿನಿಂದ ಸಿಂಗಸಂದ್ರದ ಅವರ ಫ್ಲಾಟಿನಲ್ಲಿ ಕುಕ್ಕರ್ ಕೂಗಿದರೆ ಅದೇ ಒಂದು ಮಾತು. ಅಂದಿನಿಂದ ಒಂದು ಗುಂಡೂ ಹಲಗೆಗೆ ಬಿದ್ದಿರಲಿಲ್ಲ. ತಪ್ಪು ಸಾಮಾನಿನದೆಂದು ಹೊಸ ಸ್ಕೋಪು ಬಂತು, ಹೊಸ ಸ್ಟ್ಯಾಂಡು ಬಂತು, ಮೊಣಕೈಗೆ ಚರ್ಮದ ತೇಪೆ ಹಾಕಿದ ಕೋಟು ಬಂತು. ಬದಲಾಗದೆ ಉಳಿದದ್ದು ರೈಫಲ್ಲಿನ ಹಿಂಬದಿಗೆ ಆಸರೆ ಕೊಡುವ ಪುಟ್ಟ ಚೀಲ ಮಾತ್ರ. ಅಂಗಡಿಯವನು ತೋರಿಸಿದ್ದನ್ನೆಲ್ಲ ಬದಿಗೆ ಸರಿಸಿ, ಗಂಡನ ಹಳೇ ಕಾಲುಚೀಲಕ್ಕೆ ಬಿಳಿಜೋಳ ತುಂಬಿ ಲಕ್ಷ್ಮವ್ವನೇ ಹೊಲಿದುಕೊಟ್ಟದ್ದು ಅದು. ಇಬ್ಬರೂ ಹೋಗೋಣ ಎಂದುಕೊಂಡಿದ್ದ ಸ್ಪರ್ಧೆಗೆ ಹೆಸರು ಕೊಡಲು ಇವತ್ತೇ ಕೊನೆ. ಇವತ್ತೂ ತಪ್ಪಿದರೆ ರೈಫಲ್ ಮುಟ್ಟುವುದಿಲ್ಲ ಎಂದು ಬರುವಾಗಲೇ ಹೇಳಿಕೊಂಡು ಬಂದಿದ್ದರು. ಅದನ್ನೂ ಬಿಟ್ಟರೆ ಆಯಿತು, ಭಾನುವಾರವೂ ಉಳಿದ ದಿನಗಳ ಹಾಗೇ.

ಹಿಂದೆ ನಿಂತಿದ್ದ ಕೋಚ್ ವೆಂಕಟಪ್ಪ ಬಗ್ಗಿ ಸ್ಕೋಪಿನ ನಾಬ್ ನೋಡಿದರು. ಮಿಲಿಟರಿಯಲ್ಲಿದ್ದು ಬಂದ ಸರ್ಜಾಪುರದ ಕಡೆಯವರೇ ಅವರು.

"ಸಾರ್, ಆ ಮಗು ನಾಲ್ಕು ಅಂತು. ನೀವು ತಿರುಗ್ಸಿರೋದು ಎರಡೇ ಅಲ್ವಾ?"

"ಮತ್ತೇನ್ರೀ. ನಮ್ಮಾಕಿ ನಾಲ್ಕ ಅಂದ್ರ ಇರೂದು ಎರಡ," ಎಂದರು ಗದಿಗೆಪ್ಪ. ದನಿಯಲ್ಲಿ ಸಣ್ಣದೊಂದು ಜಂಬವೂ ಇತ್ತು. "ಎಲ್ಲಾದಕ್ಕೂ ಡಬಲ್ ಹೇಳಾಕಿ. ತಪ್ಪು ಅಂತ ಒಂದ ದಿನ ನಾ ಅಂದಾಂವಲ್ಲ. ಆಕಿ ಯಾಕ ಮನಸ್ಸಿಗೆ ಹಚ್ಚಿಕೋಬೇಕು ಅಂತ ಸುಮ್ಮನ ಅರ್ಧ ಕಳದು ಹೊಡೀತಿದ್ದೆ."

ವೆಂಕಟಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದರು.

"ಅಂಗಲ್ಲ ಸಾರ್. ಅಮ್ಮಾವ್ರ ಲೆಕ್ಕ ಒಂದಿನಾನೂ ತಪ್ತಿರ್ಲಿಲ್ಲ. ನಿಮ್ ಕಣ್ಣು ಸ್ಕೋಪಲ್ಲಿ ಇರ್ತಿತ್ತಲ್ಲ, ಆಗ ನನ್ ಕಡೆ ತಿರುಗಿ ಎರಡು ಬೆರಳು ತೋರ್ಸೋರು. ನಿಮಗೆ ಬಾಯಲ್ಲಿ ನಾಲ್ಕು ಅನ್ನೋರು. ಯಾಕಮ್ಮಾ ಇಂಗೆ ಅಂತ ಒಂದಿನ ಕೇಳ್ದೆ. ನಮ್ಮ ಯಜಮಾನ್ರು ನಾನು ಏನ್ ಹೇಳಿದ್ರೂ ಅರ್ಧ ಮಾಡ್ಕೊಂತಾರೆ, ಅದಕ್ಕೇ ಡಬಲ್ ಹೇಳ್ತೀನಿ, ನೀವು ಸುಮ್ನಿರಿ, ಬೇಜಾರ್ ಮಾಡ್ಕೊಂಡಾರು ಅಂತ ನಕ್ಕುಬಿಟ್ರು."

ಗದಿಗೆಪ್ಪನವರು ಎರಡಕ್ಕೆ ನಿಂತಿದ್ದ ನಾಬನ್ನು ನೋಡಿದರು. ಅರ್ಧ ಕಳೆದದ್ದು ಗಾಳಿಯಲ್ಲಿ ಮಾತ್ರವೇ? ಬಸ್ಸು ಬಿಡುವ ಹೊತ್ತು, ಸಾರಿನ ಉಪ್ಪು, ಮಂಡಿನೋವು, ಆಕೆ ಏನು ಹೇಳಿದರೂ ಅಷ್ಟಿರಲಿಕ್ಕಿಲ್ಲ ಬಿಡು ಎಂದು ಅರ್ಧಕ್ಕೆ ಇಳಿಸಿಕೊಂಡೇ ಇಡೀ ಸಂಸಾರ ಸಾಗಿಸಿದ್ದರು. ಸಹಿಸಿಕೊಂಡು ಹೋದವನು ತಾನೇ ಎಂದು ಇಷ್ಟು ವರ್ಷ ತಿಳಿದಿದ್ದರಲ್ಲ, ಆ ಪುಣ್ಯಾತ್ಮರು. ಮತ್ತೆ ಕೆನ್ನೆಯನ್ನು ರೈಫಲ್ಲಿಗೆ ಒತ್ತಿದರು.

"ಹೇಳವ್ವಾ," ಎಂದರು. ದನಿ ಇಳಿದಿತ್ತು.

"ಎಡದಿಂದ. ಸ್ವಲ್ಪ ಕಮ್ಮಿ ಆಗಿದೆ ಸಾರ್, ಮೂರು."

ಮೂರೂ ಕ್ಲಿಕ್ ತಿರುಗಿಸಿದರು. ಉಸಿರು ಹಿಡಿದು ಹೊಡೆದರು. ಈ ಸಲ ಧೂಳೇಳಲಿಲ್ಲ.

"ಬಿತ್ತು ಸಾರ್, ನಟ್ಟನಡುವೆ," ಎಂದಳು ದಿವ್ಯಾ. ಖುಷಿಯಲ್ಲಿ ಅವಳು ಎದ್ದೇ ನಿಂತಿದ್ದಳು. ಗದಿಗೆಪ್ಪನವರು ಮಾತ್ರ ಏಳಲಿಲ್ಲ. ಜೋಳದ ಚೀಲವನ್ನು ರೈಫಲ್ಲಿನ ಕೆಳಗಿಂದ ಎಳೆದುಕೊಂಡು ಅದರ ಮೇಲೆ ಹಣೆಯಿಟ್ಟು ಹಾಗೇ ಮಲಗಿಬಿಟ್ಟರು.

ವೆಂಕಟಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಗಲು ಮುಟ್ಟಿದರು. "ಯಾಕ್ ಸಾರ್, ಬಿತ್ತಲ್ಲ. ಹೆಸರು ಬರ್ಸೋಣ ಏಳಿ."

"ಎದಿ ಸ್ವಲ್ಪ ಹಿಡದಂಗ ಆಗೇತಿ ಅಂದ್ಲರೀ," ಎಂದರು ಗದಿಗೆಪ್ಪ, ಮುಖ ಎತ್ತದೆ. "ಸ್ವಲ್ಪ ಅಂದ್ಲು. ಅವತ್ತೊಂದ ದಿನ ಡಬಲ್ ಹೇಳೂದು ಮರತಬಿಟ್ಲು."