ಇಲಿಗೆ ಹಾಕಿದ ಕಡಲೆಕಾಯಿ

"ಹನ್ನೊಂದಕ್ಕೆಲ್ಲ ಯಲಹಂಕ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿರ್ಬೇಕು ಕಣ್ರೀ. ಹೊರಡಿ ಬೇಗ," ಎಂದು ಮಾಲಾ ಗೇಟಿನಿಂದಲೇ ಗಂಡನಿಗೆ ಕೂಗಿದಳು.

ಮುನಿಶಾಮಿ ಕೀ ತಿರುಗಿಸಿದ. ಕಾರು ಕರಕರ ಎಂದಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದ. ಊಹೂಂ.

ಎದುರುಮನೆಯ ಬಾಲ್ಕನಿಯಲ್ಲಿ ಆನಂದಪ್ಪನ ಹೊಟ್ಟೆ ತಣ್ಣಗಾಯಿತು.

ಆಗದೆ ಏನು? ಹೋದ ವರ್ಷ ಇದೇ ಮುನಿಶಾಮಿ ಕಂಪ್ಲೇಂಟ್ ಕೊಟ್ಟು, ಜೆಸಿಬಿ ತರಿಸಿ, ಆನಂದಪ್ಪನ ಮನೆ ಮುಂದಿನ ಜಗಲಿ ಒಡೆಸಿದ್ದ. ತಾಯಿ ಪಟಾಲಮ್ಮ ಕಣ್ಣು ಮುಚ್ಚುವವರೆಗೂ ಕೂತು ಸೊಪ್ಪು ಬಿಡಿಸಿದ ಜಗಲಿ ಅದು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಈಗ ಸಿಂಗಾಪುರ ಬಡಾವಣೆಯಲ್ಲೆಲ್ಲ ಒಂದೇ ಸುದ್ದಿ: ಆನಂದಪ್ಪನ ಮನೆಗಂಟಿದ ಖಾಲಿ ಸೈಟನ್ನು ಮುನಿಶಾಮಿ ಕೊಳ್ಳುತ್ತಾನಂತೆ, ನಾಲ್ಕಂತಸ್ತಿನ ಪಿ.ಜಿ. ಎಬ್ಬಿಸುತ್ತಾನಂತೆ. ಅದು ಎದ್ದರೆ ಆನಂದಪ್ಪನ ಮನೆಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಈ ಊರಿನವರು ಸೈಟಿಗಲ್ಲದೆ ಇನ್ನೇನಕ್ಕೆ ಹೋಗುತ್ತಾರೆ? ಇವತ್ತೊಂದು ದಿನ ತಪ್ಪಿಸಿದರೆ ಸಾಕು, ಮಾರುವವನನ್ನು ಸಂಜೆಯೊಳಗೆ ತಾನು ಹಿಡಿಯಬಹುದು.

ಮಗಳು ಚೈತ್ರ ಗಂಗಾನಗರದಲ್ಲಿ ಗೆಳತಿಯ ಗೃಹಪ್ರವೇಶವೆಂದು ಬೆಳಿಗ್ಗೆಯೇ ಹೋಗಿದ್ದಳು. ತಾನೇ ಕಾಸಿಕೊಂಡ ಕೆಟ್ಟ ಕಾಫಿಯೂ ಆನಂದಪ್ಪನಿಗೆ ರುಚಿಸಿತು. ಲೋಟ ಇಟ್ಟು ಕೆಳಗಿಳಿದ. ಟೆಂಪೋ ಓಡಿಸಿ ಮನೆ ಕಟ್ಟಿದವನು. ಎಂಜಿನ್ ವಿಷಯದಲ್ಲಿ ಅವನ ಮಾತನ್ನು ಆ ರಸ್ತೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ.

"ಬಾನೆಟ್ ಎತ್ತಿ, ನೋಡೋಣ," ಎಂದ.

ಮುನಿಶಾಮಿ ಅವನನ್ನೇ ದಿಟ್ಟಿಸಿದ. "ನಿಮಗೂ ವಿಷಯ ಗೊತ್ತಾಯ್ತಾ?"

"ಗೊತ್ತಾಗ್ದೆ ಏನು. ಇಡೀ ರೋಡಿಗೇ ಗೊತ್ತು."

ಮುನಿಶಾಮಿಯ ಮುಖ ಸಪ್ಪಗಾಯಿತು. "ಹಂಗಾದ್ರೆ ನೀವೂ ಬನ್ನಿ. ನೀವು ಪಕ್ಕದಲ್ಲಿದ್ರೆ ಅಲ್ಲಿ ಮಾತಿಗೊಂದು ತೂಕ ಇರುತ್ತೆ."

ಅಬ್ಬಾ, ಸೊಕ್ಕೇ! ನನ್ನ ಕತ್ತು ಕೊಯ್ಯುವುದಕ್ಕೆ ನನ್ನನ್ನೇ ಸಾಕ್ಷಿಗೆ ಕರೆಯುತ್ತಾನೆ. ಆನಂದಪ್ಪನಿಗೆ ಮೈಯೆಲ್ಲ ಉರಿಯಿತು. "ಮೊದ್ಲು ಗಾಡಿ ಹತ್ಲಿ," ಎಂದು ಬಗ್ಗಿದ.

ಬಗ್ಗಿದ್ದೇ ಕಂಡಿತು. ಎಂಜಿನ್ ಹಿಂದಿನ ವೈರುಗಳನ್ನು ಇಲಿ ಕಡಿದು ಚಿಂದಿ ಮಾಡಿತ್ತು. ಸುತ್ತ ಕಡಲೆಕಾಯಿ ಸಿಪ್ಪೆ. ತಿಂಗಳಿನಿಂದ ಈ ಕಾರಿನ ಕೆಳಗೆ ಹಿಡಿಹಿಡಿ ಕಡಲೆಕಾಯಿ ಎಸೆಯುತ್ತಿದ್ದವನು ಆನಂದಪ್ಪನೇ. ಗಣಪನ ವಾಹನ ಸರಿಯಾದ ದಿನಕ್ಕೇ ಕೈಹಿಡಿದಿತ್ತು. ಹೆಗಲ ಮೇಲಿನ ಟವೆಲ್ ತೆಗೆದು, ಕೈ ಒರೆಸಿಕೊಂಡವನಂತೆ ಆ ವೈರುಗಳ ಮೇಲೆ ಹಾಕಿದ.

"ಪೆಟ್ರೋಲ್ ಬರ್ತಿಲ್ಲ ಅನ್ಸುತ್ತೆ," ಎಂದ. ಏರ್ ಫಿಲ್ಟರ್ ಬಿಚ್ಚಿಸಿ ಊದಿಸಿದ. ಬ್ಯಾಟರಿಯ ಟರ್ಮಿನಲ್ ಉಜ್ಜಿಸಿದ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆಸಿ ಒಂದೊಂದನ್ನೇ ಒರೆಸಿ ಹಾಕಿಸಿದ. "ಈಗ ಸೆಲ್ಫ್ ಹೊಡೀರಿ."

ಕರಕರ. ಊಹೂಂ.

ಮುನಿಶಾಮಿ ಮಧ್ಯೆ ಮಧ್ಯೆ ಮಗ ಗಿರಿಗೆ ಫೋನ್ ಮಾಡುತ್ತಿದ್ದ. ಸ್ವಿಚ್ ಆಫ್. ಸೈಟು ಮಗನ ಹೆಸರಿಗಿರಬೇಕು, ಅವನು ಮೊದಲೇ ಹೋಗಿ ಕೂತಿದ್ದಾನೆ ಎಂದು ಆನಂದಪ್ಪ ಲೆಕ್ಕ ಹಾಕಿದ. ಕೂತಿರಲಿ, ಅಪ್ಪ ಬರದೆ ಏನು ಕಿಸಿಯುತ್ತಾನೆ?

ಆಟೋ ಒಂದು ನಿಧಾನ ಮಾಡಿತು. ಮುನಿಶಾಮಿ ಓಡಿದ. ಆನಂದಪ್ಪ ರಟ್ಟೆ ಹಿಡಿದು ನಿಲ್ಲಿಸಿದ. "ಇನ್ನೊಂದೇ ಸಲ ನೋಡಿ. ಹತ್ತಿದ್ರೆ ಆಟೋಗಿಂತ ಬೇಗ ಹೋಗ್ತೀರಿ." ಆಟೋದವನಿಗೆ ಹೋಗೆಂದು ಕೈ ಬೀಸಿದ.

"ನಿಮ್ಮ ಹೊಟ್ಟೆಗೂ ಬೆಂಕಿ ಬೀಳುತ್ತೆ ಕಣ್ರೀ. ನಿಮಗೇನೂ ಅನ್ಸಲ್ವಾ?" ಮುನಿಶಾಮಿಯ ಕಣ್ಣಲ್ಲಿ ನೀರಿತ್ತು.

"ನಂಗೇನು ಅನ್ಸೋದು? ಆಗೋದು ಆಗುತ್ತೆ ಬಿಡಿ," ಎಂದ ಆನಂದಪ್ಪ. ಜಗಲಿ ಒಡೆದ ದಿನ ಮುನಿಶಾಮಿ ಆಡಿದ್ದೂ ಇದೇ ಮಾತು. ವರ್ಷದಿಂದ ಎದೆಯಲ್ಲಿ ಕುದಿಯುತ್ತಿದ್ದುದು ಈಗ ಹಿತವಾಗಿ ಇಳಿಯಿತು.

ಹನ್ನೊಂದು ದಾಟಿತು. ಮಾಲಾ ಫೋನ್ ಹಿಡಿದು ಬಂದವಳು ಗೇಟಿಗೆ ಒರಗಿದಳು. "ರೀ, ಆಗ್ಹೋಯ್ತಂತೆ. ಸೈನೂ ಹಾಕಿದ್ರಂತೆ."

ಆನಂದಪ್ಪನ ನಗು ಅರ್ಧಕ್ಕೆ ನಿಂತಿತು. ಇವನಿಲ್ಲದೆ ಸೈಟು ಹೇಗಾಯಿತು?

ಮುನಿಶಾಮಿ ಸಿಟ್ಟಿನಿಂದ ಬಾನೆಟ್ ಮುಚ್ಚಲು ಹೋಗಿ ಟವೆಲ್ ಎಳೆದ. ಕಡಿದ ವೈರು ನೋಡಿದ. ಆನಂದಪ್ಪನ ಮುಖ ನೋಡಿದ.

"ಆ ಮದುವೆ ನಿಲ್ಸೋಕೆ ನಾನು ಒದ್ದಾಡ್ತಿದ್ರೆ ನೀವು ಇದನ್ನ ಮುಚ್ಚಿಟ್ಕೊಂಡು ನಿಂತಿದ್ರಲ್ಲ. ನಿಮ್ ಚೈತ್ರನ್ನ ನಮ್ ಗಿರಿಗೇ ಕೊಡ್ಬೇಕು ಅಂತ ಅಷ್ಟು ಆಸೆ ಇದ್ರೆ ಬಾಯಿಬಿಟ್ಟು ಕೇಳ್ಬಾರ್ದಿತ್ತಾ, ಬೀಗ್ರೇ?"